ಕಮ್ಯುನಿಸ್ಟ್ ಆಡಳಿತದಲ್ಲಿ ಜಾಝ್ ವಾದಕರ ಬದುಕು: ಸಂಬಳ ಕೊಟ್ಟ ಸರ್ಕಾರವೇ ಸೆರೆಗೂ ಹಾಕಿದ್ದೇಕೆ?

ಪ್ರಶ್ನೆ
ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಸಂಗೀತಾಸಕ್ತರ ಬಳಗದಲ್ಲಿ ಮಳೆಗಾಲದ ಸಂಜೆಗಳಲ್ಲಿ ಒಬ್ಬೊಬ್ಬರು ಒಂದೊಂದು ವಿಷಯ ಆಯ್ದುಕೊಂಡು ಮಾತನಾಡುವ ರೂಢಿಯಿದೆ. ಈ ಸಲ ನಾನು ಆಯ್ದುಕೊಂಡಿರುವುದು ಎಡ್ಡಿ ರೋಸ್ನರ್ ಎಂಬ ಟ್ರಂಪೆಟ್ ವಾದಕರ ಜೀವನವನ್ನು. 1910ರಲ್ಲಿ ಬರ್ಲಿನ್ನಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಹಿಟ್ಲರನ ಜರ್ಮನಿಯನ್ನು ತೊರೆದು ಪೋಲೆಂಡಿನಲ್ಲಿ ನೆಲೆ ಕಂಡುಕೊಂಡರು. 1939ರಲ್ಲಿ ಪೋಲೆಂಡೂ ಬಿದ್ದಾಗ ಇನ್ನಷ್ಟು ಪೂರ್ವಕ್ಕೆ ಸರಿದು ಸೋವಿಯತ್ ಆಡಳಿತದ ನೆಲವನ್ನು ಸೇರಿದರು. ಅಲ್ಲಿ ಅವರಿಗೆ ಆಶ್ರಯದ ಜೊತೆಗೆ ಬೆಲರೂಸ್ ಗಣರಾಜ್ಯದ ಸರ್ಕಾರಿ ಜಾಝ್ ವಾದ್ಯವೃಂದದ ನಾಯಕತ್ವವೇ ಸಿಕ್ಕಿತು. 1941ರಲ್ಲಿ ಸೋಚಿ ಪಟ್ಟಣದ ಸಭಾಂಗಣವೊಂದರಲ್ಲಿ ಖಾಲಿ ಕುರ್ಚಿಗಳ ಮುಂದೆ ಅವರ ತಂಡ ನುಡಿಸಬೇಕಾಯಿತೆಂದೂ, ಕತ್ತಲಲ್ಲಿ ಕುಳಿತು ಕೇಳಿದ ಸ್ಟಾಲಿನ್ ಮೆಚ್ಚಿಕೊಂಡರೆಂಬ ಸುದ್ದಿ ಮರುದಿನ ದೂರವಾಣಿಯಲ್ಲಿ ಬಂದಿತೆಂದೂ ಓದಿದ್ದೇನೆ. ಐದು ವರ್ಷ ಕಳೆದ ಮೇಲೆ, 1946ರ ಕೊನೆಯಲ್ಲಿ, ಅದೇ ಕಲಾವಿದರನ್ನು ಲ್ವೀವ್ ನಗರದಲ್ಲಿ ಬಂಧಿಸಿ ಹತ್ತು ವರ್ಷಗಳ ಶಿಕ್ಷೆ ವಿಧಿಸಲಾಯಿತು.

ನಮ್ಮ ಕಡೆ ಸ್ಯಾಕ್ಸೋಫೋನ್ ಎಂದರೆ ಮದುವೆಯ ಧಾರೆ, ದೇವಸ್ಥಾನದ ರಥೋತ್ಸವ. ಅಮೆರಿಕದ ಕಪ್ಪು ಕಲಾವಿದರಿಂದ ಬೆಳೆದುಬಂದ ಜಾಝ್ ಎಂಬ ಪ್ರಕಾರವನ್ನು ನಮ್ಮ ಬಳಗದ ಹೆಚ್ಚಿನವರು ಕೇಳಿದವರೂ ಅಲ್ಲ. ಆದ್ದರಿಂದ ಪದ್ಯವೂ ಇಲ್ಲದ, ಘೋಷಣೆಯೂ ಇಲ್ಲದ ಬರಿಯ ವಾದ್ಯಸಂಗೀತವೊಂದಕ್ಕೆ ಒಂದು ದೊಡ್ಡ ರಾಜ್ಯಶಕ್ತಿ ಯಾಕೆ ಅಂಜಿತು, ಅಂಜಿದ್ದಾದರೆ ಅದೇ ಶಕ್ತಿ ಅದಕ್ಕೆ ಸಂಬಳ ಕೊಟ್ಟು ಸಾಕಿದ್ದೇಕೆ ಎಂಬುದನ್ನು ಅವರಿಗೆ ನಾನು ವಿವರಿಸಬೇಕು. ಅಲ್ಲಿಯ ಸಾಮಾನ್ಯ ವಾದಕನೊಬ್ಬ ದಿನನಿತ್ಯ ಹೇಗೆ ದುಡಿಯುತ್ತಿದ್ದ, ಹೇಗೆ ಕಲಿಯುತ್ತಿದ್ದ, ಎಲ್ಲ ಕಮ್ಯುನಿಸ್ಟ್ ದೇಶಗಳಲ್ಲೂ ಸ್ಥಿತಿ ಹೀಗೆಯೇ ಇತ್ತೇ ಎಂಬುದನ್ನೂ ತಿಳಿಯಬೇಕಾಗಿದೆ. ಬಲ್ಲವರು ದಯವಿಟ್ಟು ಬರೆಯಿರಿ.


ಉತ್ತರ
ಇತಿಹಾಸದ ಮೇಷ್ಟ್ರು, ಶಿವಮೊಗ್ಗ

ತುಂಗಾತೀರ ಅವರೇ, ಒಳ್ಳೆಯ ವಿಷಯವನ್ನು ಆರಿಸಿಕೊಂಡಿದ್ದೀರಿ. ತರಗತಿಯಲ್ಲಿ ರಷ್ಯಾದ ಕ್ರಾಂತಿಯನ್ನು ಬಹುಕಾಲ ಪಾಠ ಮಾಡಿದವನಾಗಿ, ಆ ರಾಜ್ಯವನ್ನು ಅರಿಯಲು ಪಂಚವಾರ್ಷಿಕ ಯೋಜನೆಗಳ ಅಂಕಿಗಳಷ್ಟೇ ಜಾಝ್ ವಾದಕರ ಬದುಕೂ ನೆರವಾಗುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲು ಒಂದು ವಿಷಯವನ್ನು ಮನದಟ್ಟು ಮಾಡಿಕೊಳ್ಳಬೇಕು. ಜಾಝ್ ಅಲ್ಲಿ ನಿಷಿದ್ಧವಾಗಿತ್ತೇ ಅಥವಾ ಅಂಗೀಕೃತವಾಗಿತ್ತೇ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಸಭಾಂಗಣ ಸರ್ಕಾರದ್ದು, ಬಾನುಲಿ ಸರ್ಕಾರದ್ದು, ಧ್ವನಿಮುದ್ರಿಕೆಯ ಕಾರ್ಖಾನೆ ಸರ್ಕಾರದ್ದು, ಸಂಬಳದ ಪಟ್ಟಿ ಸರ್ಕಾರದ್ದು, ಊರಿನಿಂದ ಊರಿಗೆ ಹೋಗಿ ನೆಲೆಸಲು ಬೇಕಾದ ಗುರುತಿನ ದಾಖಲೆಯೂ ಸರ್ಕಾರದ್ದು. ಇಷ್ಟೂ ಒಂದೇ ಕಡೆ ಸೇರಿರುವಾಗ ವಾದಕನಿಗೆ ಮುಖ್ಯವಾಗುವುದು ಕಾನೂನಿನ ಪುಸ್ತಕವಲ್ಲ, ಆ ವರ್ಷ ಅಧಿಕಾರಸ್ಥರಿಗೆ ಪಶ್ಚಿಮದ ದೇಶಗಳ ಜೊತೆ ಎಂಥ ಸಂಬಂಧ ಬೇಕಾಗಿದೆ ಎಂಬುದು.

ಮಾಸ್ಕೋದಲ್ಲಿ ಮೊದಲ ಜಾಝ್ ಕಛೇರಿ ನಡೆದದ್ದು 1922ರ ಅಕ್ಟೋಬರ್ 1ರಂದು. ಪ್ಯಾರಿಸ್ಸಿನಿಂದ ಮರಳಿದ ಕವಿ, ನರ್ತಕ ವ್ಯಾಲೆಂಟಿನ್ ಪಾರ್ನಾಖ್ ಅದನ್ನು ಏರ್ಪಡಿಸಿದ್ದರು. ಆಗ ಅದು ಕ್ರಾಂತಿಯಷ್ಟೇ ಹೊಸದಾದ ಕಲೆ ಎಂಬ ಭಾವನೆಯಿತ್ತು. 1926ರಲ್ಲಿ ಸ್ಯಾಮ್ ವುಡಿಂಗ್ ಅವರ ತಂಡ, ಸಿಡ್ನಿ ಬೆಶೆ ಇದ್ದ ಇನ್ನೊಂದು ತಂಡ, ಹೀಗೆ ಅಮೆರಿಕದ ಕಪ್ಪು ಕಲಾವಿದರು ಅಲ್ಲಿಗೆ ಬಂದು ನುಡಿಸಿದರು. ಅದೇ ವರ್ಷ ಲೆನಿನ್‌ಗ್ರಾಡಿನ ಲಿಯೋಪೋಲ್ಡ್ ಟೆಪ್ಲಿಟ್ಸ್ಕಿ ಎಂಬ ಸಂಗೀತಗಾರರನ್ನು ಸರ್ಕಾರವೇ ಅಮೆರಿಕಕ್ಕೆ ಕಳುಹಿಸಿತು. ಅವರು ವಾದ್ಯಗಳನ್ನೂ ಸ್ವರಲಿಪಿಗಳನ್ನೂ ತಂದು 1927ರಲ್ಲಿ ತಮ್ಮ ವಾದ್ಯವೃಂದವನ್ನು ವೇದಿಕೆಗೆ ತಂದರು. 1928ರಲ್ಲಿ ಸಾಹಿತಿ ಮ್ಯಾಕ್ಸಿಂ ಗೋರ್ಕಿ ಅವರು ಕಮ್ಯುನಿಸ್ಟ್ ಪಕ್ಷದ ಪ್ರಾವ್ದಾ ಪತ್ರಿಕೆಯಲ್ಲಿ ಜಾಝ್ ಎಂದರೆ ಕೊಬ್ಬಿದವರ ಸಂಗೀತವೆಂದು ಬರೆದರು, ಗಾಳಿ ತಿರುಗಿತು. 1930ರಲ್ಲಿ ಟೆಪ್ಲಿಟ್ಸ್ಕಿ ಬಂಧನಕ್ಕೊಳಗಾಗಿ, ಕೈದಿಗಳಿಂದ ಕಾಲುವೆ ತೋಡಿಸುತ್ತಿದ್ದ ಶ್ವೇತ ಸಮುದ್ರದ ಶಿಬಿರಕ್ಕೆ ಹೋದರು. ಬಿಡುಗಡೆಯಾದ ಮೇಲೆ ಪೆತ್ರೊಜಾವೊದ್‌ಸ್ಕ್ ಎಂಬ ದೂರದ ಊರಿನಲ್ಲಿ ಸಿಂಫನಿ ವಾದ್ಯವೃಂದವನ್ನು ಕಟ್ಟುತ್ತ ಉಳಿದರು. ಕಳುಹಿಸಿದವರೂ ಬಂಧಿಸಿದವರೂ ಒಂದೇ ರಾಜ್ಯದವರು, ನಡುವೆ ನಾಲ್ಕೇ ವರ್ಷ. ನಿಮ್ಮ ಉಪನ್ಯಾಸದಲ್ಲಿ ರೋಸ್ನರ್ ಅವರಿಗಿಂತ ಮೊದಲು ಇವರ ಹೆಸರನ್ನು ಹೇಳಿದರೆ, ಮುಂದೆ ನಡೆದದ್ದು ಯಾರೋ ಒಬ್ಬರ ದುರದೃಷ್ಟವಲ್ಲ ಎಂಬುದು ಕೇಳುಗರಿಗೆ ತಿಳಿದೀತು.

1930ರ ದಶಕದ ನಡುಭಾಗದಲ್ಲಿ ಮತ್ತೆ ಹಿತವಾದ ಕಾಲ ಬಂತು. ಒಡೆಸ್ಸಾದ ಲಿಯೊನಿಡ್ ಉತ್ಯೋಸೊವ್ ಹಾಡು, ಹಾಸ್ಯ, ಜಾಝ್ ಮೂರನ್ನೂ ಬೆರೆಸಿ ಜನಪ್ರಿಯರಾದರು. 1934ರಲ್ಲಿ ಅವರು ನಟಿಸಿದ ಸಂಗೀತಮಯ ಚಲನಚಿತ್ರವನ್ನು ಸ್ಟಾಲಿನ್ ಕೂಡ ಮೆಚ್ಚಿದರು. 1938ರಲ್ಲಿ ಸೋವಿಯತ್ ಒಕ್ಕೂಟದ ಸರ್ಕಾರಿ ಜಾಝ್ ವಾದ್ಯವೃಂದವೇ ಹುಟ್ಟಿತು. ಅದು ದೇಶದಲ್ಲಿ ಸಾಮೂಹಿಕ ಬಂಧನಗಳು ನಡೆಯುತ್ತಿದ್ದ ಕಾಲವೂ ಹೌದು ಎಂಬುದನ್ನು ಮರೆಯುವಂತಿಲ್ಲ. ಯುದ್ಧದ ವರ್ಷಗಳಲ್ಲಿ ಈ ತಂಡಗಳು ಸೈನಿಕರ ಮುಂದೆ ನುಡಿಸಿದವು. ಅಮೆರಿಕ ಮಿತ್ರರಾಷ್ಟ್ರವಾಗಿದ್ದರಿಂದ ಅದರ ಸಂಗೀತಕ್ಕೂ ಆಕ್ಷೇಪವಿರಲಿಲ್ಲ.

ಯುದ್ಧ ಮುಗಿದು ಆ ಮೈತ್ರಿ ಮುರಿದಾಗ ಎಲ್ಲವೂ ತಲೆಕೆಳಗಾಯಿತು. 1948ರ ಫೆಬ್ರವರಿಯಲ್ಲಿ ಪಕ್ಷದ ಕೇಂದ್ರ ಸಮಿತಿಯು ಸಂಗೀತದ ಬಗ್ಗೆ ಹೊರಡಿಸಿದ ನಿರ್ಣಯ ಶಾಸ್ತ್ರೀಯ ಸಂಗೀತದ ದೊಡ್ಡ ಹೆಸರುಗಳನ್ನೇ ನಡುಗಿಸಿತು; ಜಾಝ್ ವಾದಕರ ಗತಿಯನ್ನು ಕೇಳಬೇಕಾಗಿಯೇ ಇರಲಿಲ್ಲ. ಇಂದು ಜಾಝ್ ನುಡಿಸುವವನು ನಾಳೆ ತಾಯ್ನಾಡನ್ನು ಮಾರುತ್ತಾನೆ ಎಂಬ ಪ್ರಾಸಬದ್ಧ ಸಾಲು ರಷ್ಯನ್ ಭಾಷೆಯಲ್ಲಿ ಗಾದೆಯಂತೆ ಹಬ್ಬಿತು. ತಂಡಗಳ ಹೆಸರಿನಿಂದ ಜಾಝ್ ಎಂಬುದನ್ನು ತೆಗೆದುಹಾಕಿದರು.

ಈ ಕಾಲದ ಬಗ್ಗೆ ನನ್ನನ್ನು ಬಹಳವಾಗಿ ಕಾಡುವುದು ಓಲೆಗ್ ಲುಂಡ್‌ಸ್ಟ್ರೆಮ್ ಅವರ ತಂಡದ ಕಥೆ. ಚೀನಾದ ಹಾರ್ಬಿನ್ನಿನಲ್ಲಿ ನೆಲೆಸಿದ್ದ ರಷ್ಯನ್ ಕುಟುಂಬಗಳ ಯುವಕರು 1934ರಲ್ಲಿ ಸೇರಿ ಕಟ್ಟಿದ ತಂಡ ಅದು. ಮುಂದೆ ಶಾಂಘೈಯಲ್ಲಿ ಹೆಸರು ಮಾಡಿತು. ಹುಟ್ಟುನಾಡಿನ ಹಂಬಲದಿಂದ 1947ರಲ್ಲಿ ಇಡೀ ತಂಡ ತಾನಾಗಿಯೇ ಸೋವಿಯತ್ ಒಕ್ಕೂಟಕ್ಕೆ ಮರಳಿತು. ಅವರನ್ನು ಕಜಾನ್ ನಗರದಲ್ಲಿ ಇರಿಸಿದರು. ಅಲ್ಲಿ ಅಧಿಕೃತ ಜಾಝ್ ತಂಡವಾಗುವ ಭರವಸೆಯಲ್ಲಿದ್ದಾಗಲೇ 1948ರ ನಿರ್ಣಯ ಬಂತು. ಒಬ್ಬೊಬ್ಬರು ಒಪೆರಾ ರಂಗಮಂದಿರದಲ್ಲಿ, ಚಿತ್ರಮಂದಿರಗಳಲ್ಲಿ ಕೆಲಸ ಹಿಡಿದು, ಸಂಗೀತಶಾಲೆಯಲ್ಲಿ ಓದುತ್ತ ಕಾದರು. 1956ರಲ್ಲಿ ಮಾಸ್ಕೋಗೆ ಕರೆ ಬಂದಾಗ ಅದೇ ತಂಡ ಮತ್ತೆ ಒಂದಾಯಿತು. ಬಂಧನದ ಕಥೆಗಳು ಎದ್ದುಕಾಣುತ್ತವೆ. ಆದರೆ ಹೆಚ್ಚಿನ ವಾದಕರ ಪಾಲಿಗೆ ಆ ಆಡಳಿತವೆಂದರೆ ಇಂಥ ಕಾಯುವಿಕೆಯೇ ಆಗಿತ್ತು, ತಮ್ಮ ಕೈ ಚುರುಕಾಗಿದ್ದ ವರ್ಷಗಳನ್ನು ಬೇರೆ ಯಾವುದನ್ನೋ ನುಡಿಸುತ್ತ ಕಳೆಯುವುದಾಗಿತ್ತು.


ಉತ್ತರ
ಊದುವವನು, ಸಾಗರ

ಮೇಷ್ಟ್ರು ಇತಿಹಾಸವನ್ನು ಬರೆದಿದ್ದಾರೆ. ನಾನು ಮದುವೆ, ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವ ವೃತ್ತಿಯವನು. ವಾದ್ಯದ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಈ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅನಂತರ ನಮ್ಮ ಕರಾವಳಿ, ಮಲೆನಾಡುಗಳಲ್ಲಿ ನಾಗಸ್ವರದ ಜಾಗದಲ್ಲಿ ಇದು ಸಲೀಸಾಗಿ ನಿಂತಿತು. ಮುಂಬಯಿಯ ಜಾಝ್ ಉತ್ಸವದಲ್ಲಿ ಅವರು ಅಮೆರಿಕದ ಜಾನ್ ಹ್ಯಾಂಡಿ ಅವರ ಜೊತೆಗೂ ನುಡಿಸಿದ್ದರು. ಇಂಥ ವಾದ್ಯವನ್ನೇ 1949ರ ಸುಮಾರಿಗೆ ಮಾಸ್ಕೋದಲ್ಲಿ ವಾದಕರಿಂದ ಕಿತ್ತುಕೊಂಡರು. ಸ್ಯಾಕ್ಸೋಫೋನ್ ವಾದಕರೆಂದು ದಾಖಲೆಯಲ್ಲಿದ್ದವರನ್ನು ಶಾಸ್ತ್ರೀಯ ವಾದ್ಯವೃಂದದ ಊದುವ ವಾದ್ಯಗಳಾದ ಓಬೋ, ಬಸೂನ್‌ಗಳ ವಾದಕರು ಎಂದು ತಿದ್ದಿದರು. ಕಾಗದದಲ್ಲಿ ವಾದ್ಯದ ಹೆಸರು ಬದಲಿಸುವುದಕ್ಕೆ ಒಂದು ಕ್ಷಣ ಸಾಕು. ತುಟಿ, ಉಸಿರು, ಬೆರಳು ಬದಲಾಗುವುದಕ್ಕೆ ವರ್ಷಗಳು ಬೇಕು. ಓಬೋಗೆ ಎರಡು ಪದರದ ರೀಡು, ಅಂದರೆ ಊದಿದಾಗ ಕಂಪಿಸಿ ನಾದ ಹುಟ್ಟಿಸುವ ಪಟ್ಟಿ; ಸ್ಯಾಕ್ಸೋಫೋನಿಗೆ ಒಂದೇ ಪದರ. ಒಂದರಲ್ಲಿ ಪಳಗಿದ ಬಾಯಿಗೆ ಇನ್ನೊಂದು ಹೊಸದಾಗಿ ಕಲಿಯುವ ವಿದ್ಯೆಯೇ ಸರಿ. ಆ ಆದೇಶ ಬರೆದವರಿಗೆ ಇದು ತಿಳಿದಿತ್ತೋ ಇಲ್ಲವೋ, ಅನುಭವಿಸಿದವರು ಮಾತ್ರ ವಾದಕರು.

ಇನ್ನು ಕಲಿಯುವ ಬಗೆ. ಗುರುವಿಲ್ಲದ, ಪುಸ್ತಕವಿಲ್ಲದ ವಿದ್ಯೆಯನ್ನು ಅವರು ಕಿವಿಯಿಂದಲೇ ಕಲಿತರು. 1955ರಿಂದ ವಾಯ್ಸ್ ಆಫ್ ಅಮೆರಿಕ ಬಾನುಲಿಯಲ್ಲಿ ವಿಲ್ಲಿಸ್ ಕೊನೊವರ್ ಎಂಬುವರು ರಾತ್ರಿ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ಅರ್ಥವಾಗಲೆಂದು ಅವರು ನಿಧಾನವಾಗಿ, ಬಿಡಿಬಿಡಿಯಾಗಿ ಮಾತನಾಡುತ್ತಿದ್ದರು. ರಷ್ಯನ್ ಭಾಷೆಯ ವಿದೇಶಿ ಪ್ರಸಾರಗಳನ್ನು ಸೋವಿಯತ್ ಸರ್ಕಾರ ಗದ್ದಲದ ಅಲೆಗಳಿಂದ ಮುಚ್ಚಿಹಾಕುತ್ತಿತ್ತು. ಇಂಗ್ಲಿಷಿನ ಈ ಸಂಗೀತ ಕಾರ್ಯಕ್ರಮ ಬಹುಮಟ್ಟಿಗೆ ಹಾಗೇ ಹಾದುಬರುತ್ತಿತ್ತು. ಶಾರ್ಟ್‌ವೇವ್ ಎಂದರೇನೆಂದು ಮಲೆನಾಡಿನ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆ ಮರಕ್ಕೆ ತಂತಿ ಕಟ್ಟಿ, ಏರಿಳಿಯುವ ದನಿಯಲ್ಲಿ ದೂರದ ನಿಲ್ದಾಣಗಳನ್ನು ಹಿಡಿಯುತ್ತಿದ್ದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದರು. ಅಂಥ ಅಲುಗಾಡುವ ಶಬ್ದದಿಂದ ಒಂದು ಸೋಲೋ ಭಾಗವನ್ನು ಸ್ವರಸ್ವರವಾಗಿ ಬರೆದುಕೊಂಡು, ಮರುದಿನ ನುಡಿಸಿ ನೋಡಿ, ಮತ್ತೆ ಆ ರಚನೆ ಪ್ರಸಾರವಾಗುವ ದಿನಕ್ಕಾಗಿ ಕಾಯುವುದು ಎಷ್ಟು ಕಷ್ಟವೆಂದು ವಾದಕನಾದವನಿಗೆ ಗೊತ್ತು. ಹಿಂದಕ್ಕೆ ತಿರುಗಿಸಿ ಕೇಳುವ ಯಂತ್ರ ಎಲ್ಲರ ಮನೆಯಲ್ಲಿರಲಿಲ್ಲ.

ಅದಕ್ಕೂ ಮೊದಲು, ಯುದ್ಧ ಮುಗಿದ ವರ್ಷಗಳಲ್ಲಿ, ಲೆನಿನ್‌ಗ್ರಾಡಿನಲ್ಲಿ ಎಕ್ಸ್‌ರೇ ಹಾಳೆಗಳ ಮೇಲೆ ಧ್ವನಿಮುದ್ರಿಕೆ ಕೊರೆಯುತ್ತಿದ್ದರು. ಆಸ್ಪತ್ರೆಗಳು ಬಿಸಾಡುವ ಹಳೆಯ ಎಕ್ಸ್‌ರೇ ಫಿಲ್ಮನ್ನು ತಂದು, ಕತ್ತರಿಯಿಂದ ದುಂಡಗೆ ಕತ್ತರಿಸಿ, ನಡುವೆ ಸಿಗರೇಟಿನ ಬೆಂಕಿಯಿಂದ ತೂತು ಮಾಡಿ, ಮನೆಯಲ್ಲೇ ಕಟ್ಟಿದ ಯಂತ್ರದಲ್ಲಿ ವಿದೇಶಿ ತಟ್ಟೆಯ ನಕಲು ಇಳಿಸುತ್ತಿದ್ದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು ಕಾಣುತ್ತಿತ್ತು. ಒಂದೇ ಬದಿ, ಕೆಲವೇ ಸಲ ನುಡಿಸಿದರೆ ಸವೆದುಹೋಗುವ ಹಾಳೆ. ಇವನ್ನು ಮಾಡುತ್ತಿದ್ದ ರುಸ್ಲಾನ್ ಬೊಗೊಸ್ಲೊವ್‌ಸ್ಕಿ 1950ರಲ್ಲಿ ಬಂಧಿತರಾದರು. ವೇದಿಕೆಯ ವಾದಕರಷ್ಟೇ ಇಂಥವರೂ ನಿಮ್ಮ ಉಪನ್ಯಾಸದಲ್ಲಿ ಜಾಗ ಪಡೆಯಬೇಕು ಎಂಬುದು ನನ್ನ ಕೋರಿಕೆ.

ದುಡಿಮೆಯ ಬಗ್ಗೆ ಕೇಳಿದ್ದೀರಿ. ಪ್ರತಿ ಪ್ರಾಂತ್ಯದಲ್ಲೂ ಕಛೇರಿಗಳನ್ನು ಏರ್ಪಡಿಸುವ ಸರ್ಕಾರಿ ಸಂಸ್ಥೆಯಿರುತ್ತಿತ್ತು. ವಾದಕನು ಪರೀಕ್ಷಾ ಮಂಡಳಿಯ ಮುಂದೆ ನುಡಿಸಿ ದರ್ಜೆ ಪಡೆಯಬೇಕು. ಆ ದರ್ಜೆಯ ಮೇಲೆ ಒಂದು ಕಛೇರಿಗೆ ಇಷ್ಟು ಎಂಬ ಸಂಭಾವನೆ ನಿಗದಿಯಾಗುತ್ತದೆ. ನುಡಿಸುವ ರಚನೆಗಳ ಪಟ್ಟಿಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಅದರಲ್ಲಿ ದೊಡ್ಡ ಪಾಲು ಸೋವಿಯತ್ ಸಂಯೋಜಕರದ್ದಾಗಿರಬೇಕು. ಮನೋಧರ್ಮವೇ ಜೀವಾಳವಾದ ಸಂಗೀತಕ್ಕೆ ಮುಂಗಡ ಒಪ್ಪಿಗೆ ಕೇಳುವುದೆಂದರೆ, ನಾಳೆ ಮಾಡುವ ಆಲಾಪನೆಯನ್ನು ಇಂದೇ ಕಚೇರಿಗೆ ಬರೆದುಕೊಡು ಎಂದಂತೆ. ಈ ವ್ಯವಸ್ಥೆಯೊಳಗೆ ಸೇರದವರು ಊಟದ ಹೋಟೆಲುಗಳಲ್ಲಿ ನರ್ತಿಸುವವರಿಗಾಗಿ ನುಡಿಸುತ್ತಿದ್ದರು. ಯಾವ ದಾಖಲೆಯಲ್ಲೂ ಕೆಲಸವಿಲ್ಲದೆ ಇರುವುದೂ ಅಪಾಯವೇ, ಏಕೆಂದರೆ ದುಡಿಯದೆ ತಿನ್ನುವವನೆಂಬ ಆರೋಪಕ್ಕೆ ಅಲ್ಲಿ ಶಿಕ್ಷೆಯಿತ್ತು.


ಉತ್ತರ
ಕಾಗೋಡು ಕಡೆಯವನು

ಮೇಲಿನ ಎರಡೂ ಬರಹಗಳ ಸಂಗತಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭೂಹೋರಾಟದ ನೆನಪು ಇನ್ನೂ ಉಳಿದಿರುವ ಊರಿನ ಕಡೆಯವನಾಗಿ, ಸಮಾಜವಾದಿ ಮನೆಯಲ್ಲಿ ಬೆಳೆದವನಾಗಿ, ಕಥೆಯ ಇನ್ನೊಂದು ಮಗ್ಗುಲನ್ನೂ ಸಭೆಯ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಅಮೆರಿಕದ ಸರ್ಕಾರ ಈ ಸಂಗೀತವನ್ನು ಹೊರದೇಶಗಳಿಗೆ ಕಳುಹಿಸಿದ್ದು ಕಲೆಯ ಮೇಲಿನ ಪ್ರೀತಿಯಿಂದ ಮಾತ್ರವಲ್ಲ. 1958ರಲ್ಲಿ ಅಮೆರಿಕದ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ತಂಡ ಪೋಲೆಂಡಿನಲ್ಲಿ ನುಡಿಸಿ, ಅದೇ ಪ್ರವಾಸದಲ್ಲಿ ಭಾರತಕ್ಕೂ ಬಂದಿತು. ಖರ್ಚು, ಯೋಜನೆ ಎರಡೂ ಅಲ್ಲಿಯ ವಿದೇಶಾಂಗ ಇಲಾಖೆಯದು. ತಮ್ಮ ದೇಶದಲ್ಲಿ ಬಿಳಿಯರ ಹೋಟೆಲಿಗೆ ಕಾಲಿಡಲಾಗದ ಕಲಾವಿದರನ್ನೇ ಸ್ವಾತಂತ್ರ್ಯದ ರಾಯಭಾರಿಗಳೆಂದು ಕಳುಹಿಸುತ್ತಿದ್ದರು. 1957ರಲ್ಲಿ ಅಮೆರಿಕದ ಲಿಟ್ಲ್ ರಾಕ್ ಪಟ್ಟಣದ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸಲು ಅಡ್ಡಿಪಡಿಸಿದಾಗ ಹೆಸರಾಂತ ಕಪ್ಪು ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಸಿಟ್ಟಿಗೆದ್ದು, ಸರ್ಕಾರ ಯೋಜಿಸುತ್ತಿದ್ದ ಸೋವಿಯತ್ ಪ್ರವಾಸಕ್ಕೆ ಹೋಗುವುದಿಲ್ಲವೆಂದು ಬಹಿರಂಗವಾಗಿ ಹೇಳಿದರು. ಆದ್ದರಿಂದ ಮಾಸ್ಕೋದ ಅಧಿಕಾರಿಗಳಿಗೆ ಇದು ಬರಿಯ ವಾದ್ಯಸಂಗೀತವಾಗಿ ಕಾಣಲಿಲ್ಲ. ಎದುರಾಳಿ ದೇಶದ ಮುದ್ರೆ ಹೊತ್ತು ಬಂದ ಸಂಗೀತವಾಗಿ ಕಂಡಿತು. ಬಂಧನಗಳನ್ನು ಇದು ಸಮರ್ಥಿಸುವುದಿಲ್ಲ. ಯಾಕೆ ಅಂಜಿದರು ಎಂಬ ಪ್ರಶ್ನೆಗೆ ಇದೂ ಉತ್ತರದ ಒಂದು ಭಾಗ.

ಇನ್ನೊಂದು ಮಾತು. ಸಂಗೀತ ವಿದ್ಯಾಭ್ಯಾಸ ಅಲ್ಲಿ ಬಡವರ ಮಕ್ಕಳಿಗೂ ಎಟುಕುವಂತಿತ್ತು. 1974ರಿಂದ ಸರ್ಕಾರಿ ಸಂಗೀತಶಾಲೆಗಳಲ್ಲೇ ಜಾಝ್ ಕಲಿಸುವ ವಿಭಾಗಗಳು ತೆರೆದವು. ನಮ್ಮಲ್ಲಿ ವಾಲಗದ ಕುಟುಂಬಗಳಿಗೆ ಇಂದಿಗೂ ಮದುವೆಯ ಕಾಲ ಬಿಟ್ಟರೆ ವರಮಾನವಿಲ್ಲ, ಪಿಂಚಣಿಯಂತೂ ದೂರದ ಮಾತು. ಸಂಬಳದ ವಾದಕನ ಸ್ಥಿತಿಯನ್ನು ಅಳೆಯುವಾಗ ಇದನ್ನೂ ಎದುರಿಗಿಟ್ಟುಕೊಳ್ಳಬೇಕು.


ಉತ್ತರ
ಹೆಗ್ಗೋಡಿನ ಓದುಗಿ

ಎಲ್ಲ ದೇಶಗಳಲ್ಲೂ ಹೀಗೆಯೇ ಇತ್ತೇ ಎಂಬ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಮ್ಮೂರಿನಲ್ಲಿ ನೀನಾಸಮ್ ಚಿತ್ರಸಮಾಜದ ದೆಸೆಯಿಂದ ಹೊರನಾಡಿನ ಸಿನಿಮಾ ನೋಡುವ ಅಭ್ಯಾಸ ಹಳೆಯದು. ಪೋಲೆಂಡಿನ ಚಿತ್ರಗಳ ಹಿನ್ನೆಲೆ ಸಂಗೀತದಿಂದಲೇ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು.

ಪೋಲೆಂಡಿನಲ್ಲಿ 1950ರ ದಶಕದ ಮೊದಲ ವರ್ಷಗಳಲ್ಲಿ ಜಾಝ್ ಮನೆಗಳೊಳಗೆ, ಬಾಗಿಲು ಮುಚ್ಚಿ ನುಡಿಸುವ ಸಂಗೀತವಾಗಿತ್ತು. ಸ್ಟಾಲಿನ್ ತೀರಿಕೊಂಡ ಮೇಲೆ ಬಿಗಿ ಸಡಿಲವಾಗಿ, 1956ರ ಆಗಸ್ಟಿನಲ್ಲಿ ಸೊಪೋಟ್ ಎಂಬ ಕಡಲತೀರದ ಪಟ್ಟಣದಲ್ಲಿ ಬಹಿರಂಗ ಉತ್ಸವವೇ ನಡೆಯಿತು. ಅಲ್ಲಿ ನುಡಿಸಿದವರಲ್ಲಿ ಕ್ಷಿಶ್ತೋಫ್ ಕೊಮೆಡಾ ಒಬ್ಬರು. ಅವರ ನಿಜವಾದ ಮನೆತನದ ಹೆಸರು ತ್ಷ್ಚಿನ್‌ಸ್ಕಿ. ವೃತ್ತಿಯಿಂದ ಕಿವಿ, ಮೂಗು, ಗಂಟಲಿನ ವೈದ್ಯರು. ಜಾಝ್ ಎಂದರೆ ಮೂಗು ಮುರಿಯುವ ಸಹೋದ್ಯೋಗಿಗಳಿಗೆ ಗುರುತು ಸಿಗದಿರಲೆಂದು ವೇದಿಕೆಯಲ್ಲಿ ಕೊಮೆಡಾ ಎಂಬ ಹೆಸರಿಟ್ಟುಕೊಂಡರು. ಅನಂತರ ಸರ್ಕಾರಿ ಧ್ವನಿಮುದ್ರಣ ಸಂಸ್ಥೆಯೇ ಪೋಲಿಷ್ ಜಾಝ್ ಎಂಬ ಮಾಲಿಕೆಯನ್ನು ಆರಂಭಿಸಿತು. ಕೊಮೆಡಾ ಅವರ ತಂಡ 1965ರ ಡಿಸೆಂಬರಿನಲ್ಲಿ ಮುದ್ರಿಸಿದ ಆಲ್ಬಂ ಅದೇ ಮಾಲಿಕೆಯಲ್ಲಿ ಹೊರಬಂದು, ಇಂದಿಗೂ ಐರೋಪ್ಯ ಜಾಝ್‌ನ ಶ್ರೇಷ್ಠ ಕೃತಿಗಳಲ್ಲಿ ಒಂದೆನಿಸಿದೆ. 1958ರಿಂದ ವಾರ್ಸಾದ ಜಾಝ್ ಜಾಂಬೊರಿ ಉತ್ಸವ ಪೂರ್ವ ಯುರೋಪಿನ ವಾದಕರೆಲ್ಲ ಕಾತರದಿಂದ ಎದುರು ನೋಡುವ ಜಾಗವಾಯಿತು. 1962ರಲ್ಲಿ ಸೋವಿಯತ್ ವಾದಕರ ತಂಡವೊಂದಕ್ಕೂ ಅಲ್ಲಿ ನುಡಿಸಲು ಅಪ್ಪಣೆ ಸಿಕ್ಕಿತು.

ಬಲ್ಗೇರಿಯಾದ ಕಥೆ ಹೀಗಿಲ್ಲ. ಅಲ್ಲಿ ಸಾಶೊ ಸ್ಲಾಡುರಾ ಎಂದು ಜನ ಕರೆಯುತ್ತಿದ್ದ ಹಾಡುಗಾರ, ಪಿಟೀಲು ವಾದಕರನ್ನು ರಾಜಕೀಯ ಹಾಸ್ಯದ ಚಟಾಕಿಗಳಿಗಾಗಿ ಲೋವೆಚ್ ಶಿಬಿರಕ್ಕೆ ಕಳುಹಿಸಿದರು. 1961ರಲ್ಲಿ ಅಲ್ಲಿಯೇ ಹೊಡೆತಕ್ಕೆ ಸಿಕ್ಕಿ ಸತ್ತರು. ಇದನ್ನು ಇದಕ್ಕಿಂತ ಹೆಚ್ಚು ವಿವರಿಸಲು ನನಗೆ ಮನಸ್ಸಿಲ್ಲ.

ಪ್ರಾಗ್ ನಗರದ ಜಾಝ್ ವಿಭಾಗದ ಬಗ್ಗೆ ಮಾತ್ರ ಸ್ವಲ್ಪ ದೀರ್ಘವಾಗಿ ಬರೆಯಬೇಕು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಚೆಕೊಸ್ಲೊವಾಕಿಯಾದ ಎಲ್ಲ ಸಂಘಗಳ ಬಾಯಿಯನ್ನೂ ಕಟ್ಟಿದ್ದರು. 1971ರಲ್ಲಿ ಸಂಗೀತಗಾರರ ಒಕ್ಕೂಟದ ಅಡಿಯಲ್ಲಿ ಹುಟ್ಟಿದ ಈ ವಿಭಾಗ, ಸದಸ್ಯರಿಗೆ ಮಾತ್ರ ಎಂಬ ನಿಯಮದ ಆಸರೆಯಲ್ಲಿ ವಾರ್ತಾಪತ್ರವನ್ನೂ ಪುಸ್ತಕಗಳನ್ನೂ ಅಚ್ಚು ಹಾಕಿತು, ಪ್ರಾಗ್ ಜಾಝ್ ದಿನಗಳೆಂಬ ಉತ್ಸವವನ್ನು ನಡೆಸಿತು. ಬೇರೆಲ್ಲೂ ಅಚ್ಚಾಗದ ಸಾಹಿತ್ಯ ಜಾಝ್ ಹೆಸರಿನಡಿಯಲ್ಲಿ ಓದುಗರ ಕೈ ಸೇರಿತು. ಅಧಿಕಾರಿಗಳು ಮೊದಲು ಉತ್ಸವವನ್ನು ತಡೆದರು, ಅನಂತರ ವಿಭಾಗವನ್ನೇ ವಿಸರ್ಜಿಸಿದರು. ಅದರ ಮುಖ್ಯಸ್ಥ ಕಾರೆಲ್ ಸ್ರ್ಪ್ ಮತ್ತು ಸಂಗಡಿಗರು ಕೆಲಸ ನಿಲ್ಲಿಸಲಿಲ್ಲ. 1986ರ ಸೆಪ್ಟೆಂಬರಿನಲ್ಲಿ ಬಂಧನವಾಯಿತು, 1987ರ ಮಾರ್ಚಿನಲ್ಲಿ ವಿಚಾರಣೆ ನಡೆಯಿತು. ಸ್ರ್ಪ್ ಅವರಿಗೆ 16 ತಿಂಗಳು, ವ್ಲಾದಿಮೀರ್ ಕೊವ್ರಿಲ್ ಅವರಿಗೆ 10 ತಿಂಗಳ ಸೆರೆ. ಆರೋಪಪಟ್ಟಿಯಲ್ಲಿ ಸಂಗೀತದ ಪ್ರಸ್ತಾಪವಿರಲಿಲ್ಲ, ರಾಜಕೀಯದ್ದೂ ಇರಲಿಲ್ಲ. ಅನುಮತಿಯಿಲ್ಲದೆ ವ್ಯಾಪಾರ ಮಾಡಿದರೆಂಬುದೇ ಅಪರಾಧ. ರೋಸ್ನರ್ ಅವರನ್ನು ಇರಿಸಿದ್ದ, ಸ್ಟಾಲಿನ್ ಕಾಲದ ಕೋಲಿಮಾ ಎಂಬ ಸೆರೆಶಿಬಿರಕ್ಕೂ ಈ ಲೆಕ್ಕಪತ್ರದ ಮೊಕದ್ದಮೆಗೂ ನಡುವೆ ಎಷ್ಟು ದೂರವಿದೆ ನೋಡಿ. ನನ್ನ ತಿಳಿವಿನಲ್ಲಿ, ಕೊನೆಯ ವರ್ಷಗಳಲ್ಲಿ ಆ ಆಡಳಿತಕ್ಕೆ ಜಾಝ್ ಬಗ್ಗೆ ದ್ವೇಷವೂ ಉಳಿದಿರಲಿಲ್ಲ. ತನ್ನನ್ನು ಕೇಳದೆ ನಾಲ್ಕು ಜನ ಸೇರುವುದನ್ನು ಮಾತ್ರ ಅದು ತಾಳಲಾರದಾಗಿತ್ತು.


ಉತ್ತರ
ಗಾಯನ ವಿದ್ಯಾರ್ಥಿನಿ, ಶಿವಮೊಗ್ಗ

ಹಿರಿಯರೆಲ್ಲ ಬರೆದಿದ್ದಾರೆ, ನಾನು ಒಂದೇ ಹೆಸರನ್ನು ಸೇರಿಸುತ್ತೇನೆ. ಅಜರ್‌ಬೈಜಾನಿನ ಬಾಕು ನಗರದ ಪಿಯಾನೊ ವಾದಕ ವಾಗಿಫ್ ಮುಸ್ತಫಾಜಾದೆ 1940ರಲ್ಲಿ ಹುಟ್ಟಿದವರು. ಆ ನಾಡಿನ ಮುಗಾಮ್ ಎಂಬ ಪರಂಪರೆಯಲ್ಲಿ ನಮ್ಮ ರಾಗಗಳಂತೆಯೇ ನಿಯಮಿತ ಸ್ವರಸಂಚಾರಗಳಿವೆ, ಆ ಚೌಕಟ್ಟಿನೊಳಗೆ ಕಲಾವಿದರು ತಮ್ಮ ವಿಸ್ತಾರವನ್ನು ಮಾಡುತ್ತಾರೆ. ವಾಗಿಫ್ ಅದನ್ನು ಜಾಝ್ ಜೊತೆ ಬೆಸೆದರು. ಇದನ್ನು ಅಮೆರಿಕದ ನಕಲೆಂದು ತಳ್ಳಿಹಾಕುವುದು ಯಾವ ಅಧಿಕಾರಿಗೂ ಸುಲಭವಿರಲಿಲ್ಲ, ಏಕೆಂದರೆ ಗಣರಾಜ್ಯಗಳ ಜಾನಪದ, ಪರಂಪರೆಗಳನ್ನು ಪ್ರೋತ್ಸಾಹಿಸುವುದು ಸರ್ಕಾರದ್ದೇ ಘೋಷಿತ ನೀತಿಯಾಗಿತ್ತು. 1979ರ ಡಿಸೆಂಬರಿನಲ್ಲಿ ತಾಷ್ಕೆಂಟಿಗೆ ಕಛೇರಿಗೆಂದು ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 39 ವರ್ಷ. ತುಂಗಾತೀರ ಅವರೇ, ನಿಮ್ಮ ಬಳಗದವರಿಗೆ ಜಾಝ್ ಅಪರಿಚಿತವಾದ್ದರಿಂದ ಮೊದಲು ಇವರ ಧ್ವನಿಮುದ್ರಿಕೆಯನ್ನೇ ಕೇಳಿಸಿರಿ. ರಾಗ ಕೇಳಿ ಬೆಳೆದ ಕಿವಿಗೆ ಒಳಹೋಗುವ ದಾರಿ ಬೇಗ ಸಿಗುತ್ತದೆ.


ಮರುಪ್ರಶ್ನೆ
ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಗೋಡಿನವರ ಮಾತನ್ನು ನಾನು ಖಂಡಿತ ಸೇರಿಸುತ್ತೇನೆ. ನಮ್ಮ ಬಳಗದಲ್ಲೂ ಆ ಪ್ರಶ್ನೆ ಎತ್ತುವವರು ಇದ್ದಾರೆ. ಇನ್ನೊಂದು ಸಂದೇಹ ಉಳಿದಿದೆ. 1950ರ ದಶಕದ ಕೊನೆಯ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲಿ ಬಂಧನಗಳು ನಿಂತು, ಸಂಬಳ, ಉತ್ಸವ, ಧ್ವನಿಮುದ್ರಿಕೆ ಎಲ್ಲವೂ ದೊರೆಯುತ್ತಿದ್ದರೆ, ಅನಂತರದ ಕಾಲದಲ್ಲೂ ಅಷ್ಟೊಂದು ವಾದಕರು ದೇಶ ಬಿಟ್ಟು ಹೋದದ್ದೇಕೆ?


ಉತ್ತರ
ಇತಿಹಾಸದ ಮೇಷ್ಟ್ರು, ಶಿವಮೊಗ್ಗ

ಕಾಗೋಡಿನವರು ಹೇಳಿದ ಸಂಬಳ, ಶಿಕ್ಷಣಗಳ ಮಾತು ನಿಜ. ಆದರೂ ನಿಮ್ಮ ಸಂದೇಹಕ್ಕೆ ಉತ್ತರ ಅಲ್ಲಿಲ್ಲ. ದೊರೆಯುತ್ತಿದ್ದ ಸೌಲಭ್ಯ ಯಾವ ದಿನ ಬೇಕಾದರೂ ಹಿಂದಕ್ಕೆ ಹೋಗಬಹುದಾಗಿತ್ತು. 1962ರ ಬೇಸಿಗೆಯಲ್ಲಿ ಅಮೆರಿಕದ ಬೆನ್ನಿ ಗುಡ್‌ಮನ್ ಅವರ ತಂಡ ಸೋವಿಯತ್ ಒಕ್ಕೂಟದಲ್ಲಿ ಪ್ರವಾಸ ಮಾಡಿದಾಗ ಮಾಸ್ಕೋದ ಮೊದಲ ಕಛೇರಿಗೆ ಸೋವಿಯತ್ ನಾಯಕ ಕ್ರುಶ್ಚೇವ್ ಸ್ವತಃ ಬಂದಿದ್ದರು. ಅದೇ ವರ್ಷದ ಕೊನೆಯಲ್ಲಿ ಚಿತ್ರಕಲಾ ಪ್ರದರ್ಶನವೊಂದನ್ನು ನೋಡಿ ಕಿಡಿಕಾರಿದಾಗ ಜಾಝನ್ನೂ ಬೈದರು. 1967ರಲ್ಲಿ ಎಸ್ಟೋನಿಯಾದ ತಾಲಿನ್ ಉತ್ಸವಕ್ಕೆ ಅಮೆರಿಕದ ಚಾರ್ಲ್ಸ್ ಲಾಯ್ಡ್ ಅವರ ತಂಡ ಬಂದು ನುಡಿಸಿ, ಶ್ರೋತೃಗಳು ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಆ ಉತ್ಸವ ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಯಲೇ ಇಲ್ಲ.

ಎರಡನೆಯದಾಗಿ, ಜಾಝ್ ಒಬ್ಬರ ಜೊತೆ ಒಬ್ಬರು ನುಡಿಸಿ ಬೆಳೆಯುವ ವಿದ್ಯೆ. ಯಾರನ್ನು ಬಾನುಲಿಯಲ್ಲಿ ಕೇಳಿ ಕಲಿತರೋ ಅವರ ಪಕ್ಕದಲ್ಲಿ ನಿಂತು ನುಡಿಸಬೇಕೆಂಬ ಆಸೆ ಯಾವ ವಾದಕನಿಗೂ ಸಹಜ. ಮಾಸ್ಕೋದ ಟ್ರಂಪೆಟ್ ವಾದಕ ವಲೇರಿ ಪೊನೊಮರೆವ್ 1973ರಲ್ಲಿ ದೇಶ ಬಿಟ್ಟು, 1977ರಲ್ಲಿ ಅಮೆರಿಕದ ಹೆಸರಾಂತ ಡ್ರಮ್ ವಾದಕ ಆರ್ಟ್ ಬ್ಲೇಕಿ ಅವರ ತಂಡವನ್ನೇ ಸೇರಿದರು. ಮಾಸ್ಕೋದಲ್ಲಿದ್ದು ಎಷ್ಟು ಒಳ್ಳೆಯ ಸಂಬಳ ಪಡೆದರೂ ಅದು ಸಾಧ್ಯವಿರಲಿಲ್ಲ. ರೋಸ್ನರ್ ಅವರ ಮೇಲಿನ ಮೂಲ ಆರೋಪವೂ ಅಪ್ಪಣೆಯಿಲ್ಲದೆ ಗಡಿ ದಾಟಲು ಯತ್ನಿಸಿದರೆಂಬುದೇ ಎಂಬುದನ್ನು ಗಮನಿಸಿ. 1954ರಲ್ಲಿ ಬಿಡುಗಡೆಯಾಗಿ ಮತ್ತೆ ದೊಡ್ಡ ತಂಡ ಕಟ್ಟಿದ ಮೇಲೂ ಅವರ ಆಸೆ ಹಾಗೇ ಉಳಿದು, 1973ರಲ್ಲಷ್ಟೇ ಪಶ್ಚಿಮ ಬರ್ಲಿನ್ನಿಗೆ ಹೋಗಲು ಸಾಧ್ಯವಾಯಿತು; ಮೂರು ವರ್ಷಕ್ಕೆ ತೀರಿಕೊಂಡರು.

ಕ್ಯೂಬಾದ ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 1973ರಲ್ಲಿ ಚೂಚೊ ವಾಲ್ಡೆಸ್ ಅವರ ನಾಯಕತ್ವದಲ್ಲಿ ಹುಟ್ಟಿದ ಇರಾಕೆರೆ ತಂಡ ಸರ್ಕಾರದ ಆಶ್ರಯದಲ್ಲಿತ್ತು, ವಿದೇಶ ಪ್ರವಾಸ ಮಾಡಿತು, ಅಮೆರಿಕದ ಗ್ರಾಮಿ ಪ್ರಶಸ್ತಿಯನ್ನೂ ಗಳಿಸಿತು. ಅದರ ಸ್ಯಾಕ್ಸೋಫೋನ್ ವಾದಕ ಪಕೀಟೊ ಡಿ ರಿವೇರಾ 1980ರಲ್ಲಿ ಸ್ಪೇನಿಗೆ ಹೋದವರು ಮರಳಲಿಲ್ಲ. ಟ್ರಂಪೆಟ್ ವಾದಕ ಆರ್ತುರೊ ಸಾಂಡೊವಾಲ್ ಸೈನ್ಯದಲ್ಲಿದ್ದಾಗ, ಊದುವವರು ಮೇಲೆ ಬರೆದ ಅದೇ ಕೊನೊವರ್ ಕಾರ್ಯಕ್ರಮವನ್ನು ಕೇಳಿದ್ದಕ್ಕಾಗಿ ಸೆರೆವಾಸ ಅನುಭವಿಸಿದ್ದರು. 1977ರಲ್ಲಿ ಅಮೆರಿಕದ ಹೆಸರಾಂತ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಹಡಗಿನಲ್ಲಿ ಹವಾನಾಕ್ಕೆ ಬಂದಾಗ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಊರೆಲ್ಲ ತೋರಿಸಿದವರು ಸಾಂಡೊವಾಲ್. ತಾನೂ ಟ್ರಂಪೆಟ್ ವಾದಕನೆಂದು ಹೇಳಿಕೊಳ್ಳಲಿಲ್ಲ, ಸಂಜೆ ವಾದ್ಯ ಕೈಗೆತ್ತಿಕೊಂಡಾಗಲೇ ಗಿಲೆಸ್ಪಿ ಅವರಿಗೆ ತಿಳಿದದ್ದು. 1990ರಲ್ಲಿ ಗಿಲೆಸ್ಪಿ ಅವರ ತಂಡದ ಜೊತೆ ಯುರೋಪಿನಲ್ಲಿದ್ದಾಗ ರೋಮ್ ನಗರದಲ್ಲಿ ಅಮೆರಿಕದ ರಾಯಭಾರ ಕಚೇರಿಯ ಆಶ್ರಯ ಬೇಡಿದರು. ಕಾಗೋಡಿನವರಿಗಾಗಿ ಇದನ್ನೂ ಹೇಳಬೇಕು: ಅದೇ ಅಮೆರಿಕ ಮುಂದೆ ಅವರಿಗೆ ಪೌರತ್ವ ಕೊಡಲು ಮೊದಲು ನಿರಾಕರಿಸಿತು, ಏಕೆಂದರೆ ಅವರು ಒಂದು ಕಾಲಕ್ಕೆ ಕ್ಯೂಬಾದ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು. ಆ ಸದಸ್ಯತ್ವವಿಲ್ಲದೆ ಹೆಂಡತಿ, ಮಗನನ್ನು ದೇಶದಿಂದ ಹೊರಗೆ ಕರೆತರಲು ಆಗುತ್ತಿರಲಿಲ್ಲ ಎಂಬುದು ಅವರ ವಿವರಣೆಯಾಗಿತ್ತು. 1990ರ ದಶಕದ ಕೊನೆಯಲ್ಲಿ ಪೌರತ್ವ ಸಿಕ್ಕಿತು.

ನಿಮ್ಮ ಉಪನ್ಯಾಸದ ದಿನ ನಿಗದಿಯಾದಾಗ ಇಲ್ಲಿಯೇ ತಿಳಿಸಿರಿ. ಆಗುಂಬೆ ಕಡೆ ಮಳೆ ಹಿಡಿದಿರುವ ದಿನಗಳಲ್ಲಿ ರಾತ್ರಿ ಬಸ್ಸು ನೆಚ್ಚಿಕೊಳ್ಳಲಾಗುವುದಿಲ್ಲ, ಆದ್ದರಿಂದ ಸಂಜೆ ಬೇಗ ಆರಂಭಿಸಿದರೆ ಶಿವಮೊಗ್ಗದಿಂದ ನಾವು ಮೂರು ನಾಲ್ಕು ಜನ ಬರಲು ಸಿದ್ಧರಿದ್ದೇವೆ.